ಕೆಲಸ ವಿಯೆಟ್ನಾಂಗೆ ಹೋದಾಗ ನಾವು ಬೆಳಗಾವಿಯಲ್ಲಿ ಯಾರ್ಯಾರ ಬಾಗಿಲು ತಟ್ಟಿದೆವು

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಡಿಸೈನ್ ಆಫೀಸು. ಅಲ್ಲಿ ನಾನು 11 ವರ್ಷ ಅಮೆರಿಕದ ಕಂಪನಿಯೊಂದರ ಪಂಪುಗಳ ಬಿಡಿಭಾಗಗಳಿಗೆ ಡ್ರಾಯಿಂಗ್ ಮಾಡಿದೆ. 2023ರ ಜುಲೈನಲ್ಲಿ ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಒಳಗೆ ಕರೆದರು. ಪ್ರಾಜೆಕ್ಟ್ ವಿಯೆಟ್ನಾಂಗೆ ಹೋಗ್ತಿದೆ, ರಾಜೀನಾಮೆಗೆ ಸಹಿ ಹಾಕಿ, ಎರಡು ತಿಂಗಳ ಸಂಬಳ ಕೊಡ್ತೀವಿ, ಅಷ್ಟರೊಳಗೆ ಅಲ್ಲಿಯವರಿಗೆ ವಿಡಿಯೋ ಕಾಲ್‌ನಲ್ಲಿ ಕೆಲಸ ಕಲಿಸಿಕೊಡಿ ಅಂದರು. ನಾವಿದ್ದದ್ದು 31 ಜನ. ಮೊದಲ ದಿನವೇ 9 ಜನ ಸಹಿ ಹಾಕಿಬಿಟ್ಟರು.

ಅವತ್ತು ಸಂಜೆ ಹಳೆಯ ಡ್ರಾಯಿಂಗ್ ಒಂದನ್ನು ತೆರೆದು ಕೂತೆ. ಮೂಲೆಯಲ್ಲಿ ಪ್ರತಿ ಬದಲಾವಣೆ ಯಾರು ಮಾಡಿದರು ಅಂತ ಬರೆಯುವ ರಿವಿಷನ್ ಪಟ್ಟಿ ಇರುತ್ತಲ್ಲ, ಅದರಲ್ಲಿ ಎ, ಬಿ ಎದುರು ‘ಆರ್.ಜೆ.’ ಅಂತ ಇತ್ತು. ಸಿ ಇಂದ ಕೆಳಗೆಲ್ಲ ನನ್ನ ಇನಿಷಿಯಲ್. ಆರ್.ಜೆ. ಅಂದರೆ 2012ರಲ್ಲಿ ಮೂರು ತಿಂಗಳು ಫೋನಿನಲ್ಲಿ ನನಗೆ ಕೆಲಸ ಕಲಿಸಿದ ಅಮೆರಿಕದ ಹಿರಿಯ ಡ್ರಾಫ್ಟ್ಸ್‌ಮನ್. ಆಮೇಲೆ ಅವರ ಗತಿ ಏನಾಯ್ತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಹಳೆಯ ಇಮೇಲ್ ಹುಡುಕಿ ಬರೆದೆ. ಎರಡೇ ದಿನದಲ್ಲಿ ಉದ್ದನೆಯ ಉತ್ತರ ಬಂತು. ನನಗೆ ಪೂರ್ತಿ ಕಲಿಸಿದರೆ ಮಾತ್ರ ಪರಿಹಾರ ಅಂತ ಆಗ ಅವರಿಗೂ ಕಂಪನಿಯವರು ಹೇಳಿದ್ದರಂತೆ. ಅವರಲ್ಲಿ ಸಂಘ ಇರಲಿಲ್ಲ. ಇದ್ದ ಕಡೆ ಏನೇನಾಯ್ತು ಅಂತಲೂ ಬರೆದಿದ್ದರು. ಬೋಯಿಂಗ್‌ನ ಇಂಜಿನಿಯರ್ ಮತ್ತು ಟೆಕ್ನಿಷಿಯನ್‌ಗಳ ಸಂಘ ಸ್ಪೀಯಾ 2000ರಲ್ಲಿ 40 ದಿನ ಮುಷ್ಕರ ಮಾಡಿತ್ತು. ಸಿಯಾಟಲ್ ಕಡೆಯ ಸಾಫ್ಟ್‌ವೇರ್ ನೌಕರರು 1998ರಲ್ಲಿ ವಾಶ್‌ಟೆಕ್ ಅಂತ ಕಟ್ಟಿಕೊಂಡು, ಟೆಲಿಫೋನ್ ಕೆಲಸಗಾರರ ದೊಡ್ಡ ಯೂನಿಯನ್ ಸಿಡಬ್ಲ್ಯುಎ ಜೊತೆ ಸೇರಿದ್ದರು. ಕಂಪ್ಯೂಟರ್ ಮುಂದೆ ಕೂರುವವರು ಟೆಲಿಫೋನ್ ಕಂಬ ಹತ್ತುವವರ ಜೊತೆ! ಆ ಸಾಲನ್ನು ನಾನು ನಾಲ್ಕು ಸಲ ಓದಿದೆ.

ನಮ್ಮ ಆಫೀಸಿನ ಸುತ್ತಮುತ್ತ ಎಲ್ಲ ಲೋಹದ ಎರಕ ಹೊಯ್ಯುವ ಫೌಂಡ್ರಿಗಳೇ. ಅಲ್ಲಿಯ ಕೆಲಸಗಾರರ ಯೂನಿಯನ್ ಮುಖಂಡರನ್ನು ಎಲ್ಲರೂ ಕಾಕಾ ಅಂತಾರೆ. ಟಿಳಕವಾಡಿಯಲ್ಲಿ ಅವರದೊಂದು ಸಣ್ಣ ಖೋಲಿ. ನಾವು ಮೂವರು ಹೋದೆವು. ಕಾಕಾ ಎಲ್ಲ ಕೇಳಿಸಿಕೊಂಡು, “ನಾವು ಹದಿನೆಂಟು ದಿನ ಗೇಟಿನ ಮುಂದ ಕುಂತಾಗ ದಿನಾ ನಮ್ಮ ಮುಂದನ ಹಾಯ್ದು ಹೋಗ್ತಿದ್ರಿ ಸಾಹೇಬ್ರ. ಒಂದಿನರ ಗಾಡಿ ನಿಲ್ಲಿಸಿ ಯಾಕಂತ ಕೇಳಿದ್ರೇನು?” ಅಂದರು. “ತಪ್ಪಾತು ಕಾಕಾ” ಅಂದೆ. ಬೇರೆ ಮಾತು ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನಿಗೆ ಚಹಾ ಹೇಳಿದರು. “ಯಾರೂ ಸಹಿ ಮಾಡಬ್ಯಾಡ್ರಿ. ಮೊದಲ ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್ ತಗೊಂಡ್ ಬರ್ರಿ.”

ನಮ್ಮವರನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಒಂದೇ ಪ್ರಶ್ನೆ. ‘ಸೀನಿಯರ್ ಇಂಜಿನಿಯರ್’ ಅಂತ ಪದವಿ ಇರುವ ನಾವು ಕಾರ್ಮಿಕರು ಹೇಗಾಗ್ತೀವಿ? ವಕೀಲರು ಬಿಡಿಸಿ ಹೇಳಿದರು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ತಾಂತ್ರಿಕ ಕೆಲಸ ಮಾಡುವವರೂ ಬರ್ತಾರೆ. ಹೆಸರಿನ ಮುಂದೆ ಏನಿದೆ ಅನ್ನೋದು ಮುಖ್ಯ ಅಲ್ಲ, ದಿನಾ ಮಾಡುವ ಕೆಲಸ ಏನು ಅನ್ನೋದು ಮುಖ್ಯ. ಒಂದು ವರ್ಷ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕು. ರಾಜೀನಾಮೆ ಕೊಟ್ಟರೆ ಇದ್ಯಾವುದೂ ಇಲ್ಲ. ಅದಕ್ಕೇ ಆ ಹಾಳೆ ಮುಂದೆ ಇಟ್ಟಿದ್ದರು. (2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗದಲ್ಲಿ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. 15 ದಿನದ ಲೆಕ್ಕ ಅದರಲ್ಲೂ ಇದೆ.)

ನಿವೃತ್ತ ಬ್ಯಾಂಕ್ ನೌಕರರಿಬ್ಬರು ಅರ್ಜಿಗಳನ್ನು ಬರೆದುಕೊಟ್ಟರು. ಕರಪತ್ರ ಕನ್ನಡ, ಮರಾಠಿ ಎರಡರಲ್ಲೂ ಇರಲಿ ಅಂದವರು ಕಾಕಾ. ಜಗಳ ಆದದ್ದು ಅದರಲ್ಲಿ ಏನು ಬರೆಯಬೇಕು ಅನ್ನುವಾಗ. ನನ್ನ ಜೀವದ ಗೆಳೆಯನೇ ‘ನಮ್ಮ ಕೆಲಸ ವಿಯೆಟ್ನಾಂನವರು ಕಿತ್ತುಕೊಂಡರು’ ಅಂತ ಬರೆಯೋಣ ಅಂದ. ನಾನು ಒಪ್ಪಲಿಲ್ಲ. ಆರ್.ಜೆ. ಹಾಗೇ ಅಂದುಕೊಂಡಿದ್ದರೆ ನನಗೆ ಉತ್ತರ ಬರೀತಿದ್ದರಾ? ನಾವು ಕಡಿಮೆ ಸಂಬಳಕ್ಕೆ ಸಿಗ್ತೀವಿ ಅಂತ ಕೆಲಸ ಇಲ್ಲಿಗೆ ಬಂತು, ಅವರು ಇನ್ನೂ ಕಡಿಮೆಗೆ ಸಿಗ್ತಾರೆ ಅಂತ ಅಲ್ಲಿಗೆ ಹೋಯ್ತು, ಇದರಲ್ಲಿ ಅಲ್ಲಿಯ ಹುಡುಗರ ತಪ್ಪೇನಿದೆ? ರಾತ್ರಿ ಹನ್ನೊಂದರವರೆಗೆ ವಾದ ನಡೀತು. ಕೊನೆಗೆ ಆ ಸಾಲು ಹೋಯ್ತು. ಬಲವಂತದ ರಾಜೀನಾಮೆ ಬೇಡ, ಕಾನೂನಿನ ಪ್ರಕಾರ ಪರಿಹಾರ ಕೊಡಿ, ಮುಂದೆ ಕೆಲಸ ಬಂದರೆ ಮೊದಲು ನಮ್ಮನ್ನು ಕರೆಯಿರಿ. ಇಷ್ಟೇ ಉಳೀತು.

ಇನ್ನೂ ಮೂವರು ಹೆದರಿ ಸಹಿ ಹಾಕಿದರು. ಅವರನ್ನು ನಾನು ದೂರಲ್ಲ, ಮನೆ ಸಾಲ ಇತ್ತು. ಉಳಿದ 19 ಜನ ಲೇಬರ್ ಆಫೀಸಿಗೆ ಒಟ್ಟಾಗಿ ಅರ್ಜಿ ಕೊಟ್ಟೆವು. ನಾಲ್ಕು ಸಲ ಸಂಧಾನ ಸಭೆ ಆಯ್ತು. ಪ್ರತಿ ಸಲ ಹೊರಗೆ ಬೇವಿನ ಮರದ ಕೆಳಗೆ ಫೌಂಡ್ರಿಯ ಹತ್ತು ಹನ್ನೆರಡು ಜನ ಶಿಫ್ಟ್ ಮುಗಿಸಿ, ಮೈಮೇಲಿನ ಕರಿ ಮಸಿ ಸಹಿತ ಬಂದು ನಿಂತಿರುತ್ತಿದ್ದರು. ಮೂರನೇ ಸಭೆಗೆ ಆಡಳಿತದವರ ದನಿ ಇಳೀತು. ಕೆಲಸ ಉಳೀಲಿಲ್ಲ. ಆದರೆ 19 ಜನಕ್ಕೂ ನೋಟಿಸ್ ಸಂಬಳ, ಪರಿಹಾರ, ಗ್ರ್ಯಾಚುಟಿ ಸಿಕ್ಕಿತು. ಆರು ಜನರನ್ನು ಬೇರೆ ಪ್ರಾಜೆಕ್ಟಿಗೆ ತಗೊಂಡರು.

ಈಗ ತಿಂಗಳ ಎರಡನೇ ಭಾನುವಾರ ಕಾಕಾನ ಖೋಲಿಯಲ್ಲಿ ಸೇರ್ತೀವಿ. ಫೌಂಡ್ರಿಯ ಗುತ್ತಿಗೆ ಕೆಲಸಗಾರರ ಪಿಎಫ್ ಲೆಕ್ಕವನ್ನು ನಮ್ಮ ಹುಡುಗರೇ ಕಂಪ್ಯೂಟರ್‌ನಲ್ಲಿ ತೆಗೆದುಕೊಡ್ತಾರೆ.

ಕಳೆದ ವರ್ಷ ವಿಯೆಟ್ನಾಂನ ಆ ಹುಡುಗನಿಂದ ಮೆಸೇಜ್ ಬಂತು, ನಾನು ಕಲಿಸಿದವನು. ಪಂಪಿನ ಹೊರಕವಚದ ಹಳೆಯ ಡ್ರಾಯಿಂಗ್‌ನಲ್ಲಿ ಒಂದು ಅಳತೆ ಎಲ್ಲಿಂದ ಹಿಡಿದಿದ್ದೀರಿ ಅಂತ ಕೇಳಿದ್ದ. ಹೇಳಿಕೊಟ್ಟೆ. ಅದರ ಕೆಳಗೆ ಆರ್.ಜೆ. ಇಮೇಲ್ ವಿಳಾಸ ಬರೆದು, ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್ ಎಲ್ಲ ಈಗಿನಿಂದಲೇ ಜೋಪಾನ ಮಾಡಿಟ್ಟುಕೋ ಅಂತ ಸೇರಿಸಿದೆ.