ಎರಡು ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರ್: ಸ್ವಿಚ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟುವ ಬಗೆ

ಟಿ.ವಿ. ಸುದ್ದಿಗೂ ಮಕ್ಕಳ ಸಿನಿಮಾಕ್ಕೂ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ರಾತ್ರಿ ಊಟವಾದ ಮೇಲೆ ನೆಮ್ಮದಿಯಾಗಿ ಕುಳಿತು ವೀಣೆ ಕೇಳಲು ಗಾಜಿನ ಕೊಳವೆಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರ್ ಎಂದು ಎರಡನ್ನೂ ಇಟ್ಟುಕೊಂಡಿರುವ ಮನೆಗಳಲ್ಲಿ ತಕರಾರು ಏಳುವುದು ಸ್ಪೀಕರ್ ವಿಷಯದಲ್ಲಿ. ಆಂಪ್ಲಿಫೈಯರ್‌ಗಳು ಒಂದು ಮೇಜಿನ ಮೇಲೆ ಅಕ್ಕಪಕ್ಕ ಕೂರುತ್ತವೆ. ಆದರೆ ಹಾಲ್‌ನಲ್ಲಿ ಸ್ಪೀಕರ್‌ಗಳಿಗೆ ಒಪ್ಪುವ ಜಾಗ ಒಂದೇ ಇರುತ್ತದೆ. ಅಲ್ಲಿ ಎರಡನೆಯ ಜೋಡಿಯನ್ನು ನಿಲ್ಲಿಸಿದರೆ ಎರಡೂ ಜೋಡಿಗಳ ನಾದ ಕೆಡುತ್ತದೆ. ವಾಲ್ವ್‌ಗಳ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸುವುದರಿಂದ, ದಿನವಿಡೀ ಟಿ.ವಿ. ಹಾಕುವ ಮನೆಯಲ್ಲಿ ವಾಲ್ವ್ ಒಂದನ್ನೇ ನೆಚ್ಚಿಕೊಳ್ಳುವುದೂ ಜಾಣತನವಲ್ಲ. ಉಳಿಯುವ ದಾರಿ ಎಂದರೆ, ಇರುವ ಒಂದು ಜೋಡಿ ಸ್ಪೀಕರ್‌ಗಳನ್ನು ಬೇಕೆಂದಾಗ ಈ ಆಂಪ್ಲಿಫೈಯರ್‌ಗೆ, ಬೇಕೆಂದಾಗ ಆ ಆಂಪ್ಲಿಫೈಯರ್‌ಗೆ ಬದಲಾಯಿಸುವ ಒಂದು ಪೆಟ್ಟಿಗೆ. ಬೆಸುಗೆ ಹಾಕಲು ಬರುವವರು ಅದನ್ನು ಒಂದು ಭಾನುವಾರದಲ್ಲಿ ಮುಗಿಸಬಹುದು.

ಒಂದು ಅಂಜುವುದನ್ನು ಇನ್ನೊಂದು ಸಹಿಸುತ್ತದೆ

ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಆರಂಭವಾದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್), 1960ರ ದಶಕದಲ್ಲಿ ವಾಲ್ವ್‌ಗಳನ್ನೂ ತಯಾರಿಸುತ್ತಿತ್ತು, ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸುತ್ತಿತ್ತು. ಒಂದೇ ಮನೆಯಲ್ಲಿ ಹುಟ್ಟಿದರೂ ಇವೆರಡರ ಸ್ವಭಾವ ತದ್ವಿರುದ್ಧ. ಅದನ್ನು ತಿಳಿಯದೆ ಸ್ವಿಚ್ ಕೊಳ್ಳಲು ಹೋಗಬಾರದು.

ವಾಲ್ವ್ ಆಂಪ್ಲಿಫೈಯರ್‌ನಲ್ಲಿ ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಎರಡು ಇಎಲ್84 ವಾಲ್ವ್‌ಗಳ ಪುಶ್-ಪುಲ್ (ಎರಡೂ ಸರದಿಯಂತೆ ದುಡಿಯುವ) ಆಂಪ್ಲಿಫೈಯರ್ ಒಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರ ಟ್ರಾನ್ಸ್‌ಫಾರ್ಮರ್ 8 ಓಮ್‌ನ ಸ್ಪೀಕರನ್ನು ವಾಲ್ವ್‌ಗಳಿಗೆ ಸುಮಾರು 8,000 ಓಮ್ ಆಗಿ ತೋರಿಸುತ್ತದೆ. ಓಮ್‌ಗಳ ಅನುಪಾತ 1,000 ಆದ್ದರಿಂದ ಸುರುಳಿಗಳ ಅನುಪಾತ ಅದರ ವರ್ಗಮೂಲ, ಅಂದರೆ ಸುಮಾರು 32. ಸ್ಪೀಕರ್ ಬದಿಯಲ್ಲಿ 10 ವೋಲ್ಟ್ ಇದ್ದಾಗ ವಾಲ್ವ್ ಬದಿಯಲ್ಲಿ 300ಕ್ಕೂ ಹೆಚ್ಚು ವೋಲ್ಟ್ ಆಡುತ್ತಿರುತ್ತದೆ. ಹಾಡು ಜೋರಾಗಿ ನಡೆಯುತ್ತಿರುವಾಗಲೇ ಸ್ಪೀಕರ್ ತಂತಿ ಕಳಚಿತೆಂದುಕೊಳ್ಳಿ. ಟ್ರಾನ್ಸ್‌ಫಾರ್ಮರ್‌ನಲ್ಲಿ ಸೇರಿದ ಶಕ್ತಿಗೆ ಹೊರಹೋಗುವ ದಾರಿ ಇಲ್ಲದೆ ವಾಲ್ವ್ ಬದಿಯ ವೋಲ್ಟೇಜ್ ಪೂರೈಕೆಯ ಹಲವು ಪಟ್ಟು ಏರುತ್ತದೆ. ವಾಲ್ವ್ ಸಾಕೆಟ್‌ನಲ್ಲಿ ಕಿಡಿ ಹಾರುತ್ತದೆ, ಇಲ್ಲವೇ ಸುರುಳಿಯ ನಿರೋಧಕ ಪದರ ತೂತುಬಿದ್ದು ಟ್ರಾನ್ಸ್‌ಫಾರ್ಮರ್ ಕೆಡುತ್ತದೆ. ಇಡೀ ಆಂಪ್ಲಿಫೈಯರ್‌ನಲ್ಲಿ ದುಬಾರಿಯಾದದ್ದೂ, ಮತ್ತೆ ಸಿಗುವುದು ಕಷ್ಟವಾದದ್ದೂ ಸಾಮಾನ್ಯವಾಗಿ ಅದೇ. ಕ್ಷಣಕಾಲದ ಶಾರ್ಟನ್ನು ವಾಲ್ವ್ ಆಂಪ್ಲಿಫೈಯರ್ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಲೋಡ್, ಅಂದರೆ ಶಕ್ತಿಯನ್ನು ಹೀರಿಕೊಳ್ಳುವ ಸ್ಪೀಕರ್, ಇಲ್ಲದಿರುವುದನ್ನು ತಾಳದು.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದಕ್ಕೆ ವಿರುದ್ಧ. ಸ್ಪೀಕರ್ ಇಲ್ಲದೆ ದಿನವಿಡೀ ಚಾಲೂ ಇದ್ದರೂ ಅದಕ್ಕೆ ಚಿಂತೆಯಿಲ್ಲ, ಆದರೆ ಪ್ಲಸ್ ಮೈನಸ್ ತಂತಿಗಳು ಒಂದಕ್ಕೊಂದು ತಾಗಿದರೆ ಅದರ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗಬಹುದು.

ಹಾಗಾಗಿ ಎರಡೂ ಆಂಪ್ಲಿಫೈಯರ್‌ಗಳ ತಂತಿಗಳನ್ನು ಒಂದೇ ಸ್ಪೀಕರ್‌ಗೆ ಒಟ್ಟಿಗೆ ಸಿಕ್ಕಿಸಿ, ಬೇಕಾದ್ದನ್ನು ಮಾತ್ರ ಆನ್ ಮಾಡಿದರಾಯಿತು ಎನ್ನುವ ಉಪಾಯ ಅಪಾಯಕ್ಕೆ ಆಹ್ವಾನ. ವಾಲ್ವ್ ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಬದಿಯ ಸುರುಳಿಯ ಡಿ.ಸಿ. ರೋಧ ಸಾಮಾನ್ಯವಾಗಿ ಒಂದು ಓಮ್‌ಗೂ ಕಡಿಮೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಅದು ಶಾರ್ಟ್‌ಗೆ ಸಮಾನ. ಸ್ಪೀಕರ್ ಹಿಂದೆ ಎರಡು ಜೋಡಿ ಟರ್ಮಿನಲ್ ಇವೆಯೆಂದು ಒಂದೊಂದಕ್ಕೆ ಒಂದೊಂದು ಆಂಪ್ಲಿಫೈಯರ್ ಜೋಡಿಸುವವರೂ ಇದ್ದಾರೆ. ಆ ಎರಡು ಜೋಡಿಗಳನ್ನು ಕೂಡಿಸುವ ಹಿತ್ತಾಳೆ ಪಟ್ಟಿಯನ್ನು ತೆಗೆಯದಿದ್ದರೆ ಅದೂ ಇದೇ ತಪ್ಪು.

ಮೈನಸ್ ತಂತಿಯ ಮೇಲೆ ಸದರ ಬೇಡ

ಪ್ಲಸ್ ತಂತಿಗಳನ್ನು ಮಾತ್ರ ಸ್ವಿಚ್‌ಗೆ ಕೊಟ್ಟು, ಮೈನಸ್‌ಗಳನ್ನೆಲ್ಲ ಒಟ್ಟಿಗೆ ತಿರುಚಿ ಬೆಸುಗೆ ಹಾಕಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ ಎನಿಸುತ್ತದೆ. ಈ ಲೇಖಕನೂ ಮೊದಲ ಬಾರಿ ಹಾಗೆಯೇ ಮಾಡಿದ್ದ. ಅಂಗೈಯಗಲದ, ಡಿ-ಕ್ಲಾಸ್ ಎಂಬ ಬಗೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಂದಕ್ಕೆ ಪ್ಲಗ್ ಹಾಕಿದಾಗ ಟಿಕ್ ಎಂಬ ಒಂದೇ ಸದ್ದು ಬಂತು, ಆಮೇಲೆ ಸುಟ್ಟ ಫೈಬರ್‌ನ ವಾಸನೆ. ಮುಚ್ಚಳ ತೆಗೆದು ನೋಡಿದರೆ ಐಸಿಯ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ಕುಳಿ.

ಕಾರಣ ಸರಳ. ಇಂದಿನ ಸಣ್ಣ ಡಿ-ಕ್ಲಾಸ್ ಆಂಪ್ಲಿಫೈಯರ್‌ಗಳಲ್ಲಿ ಬಹುಪಾಲು ಬ್ರಿಡ್ಜ್ ವಿನ್ಯಾಸದವು. ಟಿಪಿಎ3116 ಐಸಿ ಇರುವ ಬೋರ್ಡ್‌ಗಳು ಇದಕ್ಕೆ ಚೆನ್ನಾಗಿ ಪರಿಚಿತವಾದ ಉದಾಹರಣೆ. ಇವುಗಳಲ್ಲಿ ಮೈನಸ್ ಎಂದು ಬರೆದಿರುವ ಟರ್ಮಿನಲ್ ಗ್ರೌಂಡ್ ಅಲ್ಲ, ಅದೂ ಒಂದು ಜೀವಂತ ಔಟ್‌ಪುಟ್. 24 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುವ ಬೋರ್ಡ್‌ನಲ್ಲಿ ಹಾಡಿಲ್ಲದಾಗಲೂ ಆ ಟರ್ಮಿನಲ್ ಗ್ರೌಂಡ್‌ಗಿಂತ ಸುಮಾರು 12 ವೋಲ್ಟ್ ಮೇಲಿರುತ್ತದೆ. ವಾಲ್ವ್ ಆಂಪ್ಲಿಫೈಯರ್‌ನ ಮೈನಸ್ ಸಾಮಾನ್ಯವಾಗಿ ಅದರ ಲೋಹದ ಚಾಸಿಗೆ ಸೇರಿರುತ್ತದೆ. ಎರಡಕ್ಕೂ ಒಂದೇ ಸಿ.ಡಿ. ಪ್ಲೇಯರ್‌ನಿಂದ ಸಿಗ್ನಲ್ ಕೊಟ್ಟಿದ್ದರೆ ಆ ಕೇಬಲ್‌ನ ಹೊರಕವಚದ ಮೂಲಕ ಎರಡರ ಗ್ರೌಂಡ್ ಆಗಲೇ ಒಂದಾಗಿರುತ್ತದೆ. ಮೈನಸ್‌ಗಳನ್ನು ಕೂಡಿಸಿದೊಡನೆ ಆ ಸುತ್ತು ಪೂರ್ಣವಾಗಿ ಐಸಿ ನೇರವಾಗಿ ಗ್ರೌಂಡ್‌ಗೆ ಶಾರ್ಟ್ ಆಗುತ್ತದೆ.

ನಿಮ್ಮ ಆಂಪ್ಲಿಫೈಯರ್ ಬ್ರಿಡ್ಜ್ ಅಲ್ಲದೆ ಹಳೆಯ ಮಾದರಿಯದೇ ಆಗಿದ್ದರೂ ನಾಲ್ಕು ತಂತಿಗಳನ್ನೂ, ಅಂದರೆ ಎಡದ ಪ್ಲಸ್, ಎಡದ ಮೈನಸ್, ಬಲದ ಪ್ಲಸ್, ಬಲದ ಮೈನಸ್ ಇಷ್ಟನ್ನೂ ಸ್ವಿಚ್‌ನಲ್ಲಿ ಬೇರೆ ಬೇರೆಯಾಗಿಯೇ ಬದಲಾಯಿಸಿ. ನಾಳೆ ಬೇರೊಂದು ಆಂಪ್ಲಿಫೈಯರ್ ತಂದಾಗ ಪೆಟ್ಟಿಗೆಯನ್ನು ಮತ್ತೆ ಬಿಚ್ಚುವ ಕೆಲಸ ಇರುವುದಿಲ್ಲ.

ಸಾಮಾನು

ಸ್ವಿಚ್‌ನ ಆಯ್ಕೆಯೇ ಇಲ್ಲಿ ಮುಖ್ಯ. 8 ಓಮ್‌ನ ಸ್ಪೀಕರ್‌ಗೆ 50 ವ್ಯಾಟ್ ಕೊಡುವಾಗ 2.5 ಆಂಪಿಯರ್, 100 ವ್ಯಾಟ್ ಕೊಡುವಾಗ ಸುಮಾರು 3.5 ಆಂಪಿಯರ್ ಹರಿಯುತ್ತದೆ. ತಾಳದ ಹೊಡೆತ ಬಿದ್ದಾಗ ಕ್ಷಣಕಾಲ ಅದಕ್ಕಿಂತ ಹೆಚ್ಚು. ರೇಡಿಯೊ ಬ್ಯಾಂಡ್ ಬದಲಾಯಿಸುವ ತೆಳು ರೋಟರಿ ಸ್ವಿಚ್‌ಗಳು ಇದಕ್ಕೆ ಆಗಿಬರುವುದಿಲ್ಲ. ವಿದ್ಯುತ್ ಪ್ಯಾನಲ್ ಬೋರ್ಡ್‌ಗಳಲ್ಲಿ ಬಳಸುವ 16 ಆಂಪಿಯರ್‌ನ ರೋಟರಿ ಕ್ಯಾಮ್ ಸ್ವಿಚ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ‘ಸಿಕ್ಸ್ ಪೋಲ್, ಟೂ ವೇ, ವಿದೌಟ್ ಆಫ್’ ಎಂದು ಕೇಳಿ. ಒಂದೊಂದು ಪೋಲ್ ಒಂದೊಂದು ತಂತಿಯನ್ನು ಎರಡು ಬದಿಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ನಡುವೆ ಆಫ್ ಇರುವ ಸ್ವಿಚ್ ಬೇಡ. ಅದು ಆಫ್‌ನಲ್ಲಿ ನಿಂತಾಗ ವಾಲ್ವ್ ಆಂಪ್ಲಿಫೈಯರ್ ಲೋಡ್ ಇಲ್ಲದೆ ಉಳಿಯುತ್ತದೆ. ಒಂದು ಸಂಪರ್ಕವನ್ನು ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯುವ ಬಗೆಯದೇ ಆಗಿರಬೇಕು ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳಿ.

ಆರು ಪೋಲ್‌ಗಳಲ್ಲಿ ನಾಲ್ಕು ಸ್ಪೀಕರ್ ತಂತಿಗಳಿಗೆ, ಉಳಿದೆರಡು ಡಮ್ಮಿ ಲೋಡ್‌ಗೆ. ಸ್ಪೀಕರ್ ಟ್ರಾನ್ಸಿಸ್ಟರ್ ಕಡೆ ಹೋದಾಗ ವಾಲ್ವ್ ಆಂಪ್ಲಿಫೈಯರ್‌ಗೆ ಸ್ಪೀಕರ್‌ನ ಬದಲಿಗೆ ಸಿಗುವ ರೆಸಿಸ್ಟರ್‌ಗೆ ಆ ಹೆಸರು. ಅಲ್ಯೂಮಿನಿಯಂ ಕವಚದ 8 ಓಮ್, 50 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರ್‌ಗಳು ಎರಡು ಬೇಕು. 8 ಸಿಗದಿದ್ದರೆ 8.2 ಓಮ್ ಆದೀತು. ಲೋಹದ ತಟ್ಟೆಗೆ ಬಿಗಿಯಾಗಿ ಕೂರಿಸಿದಾಗ ಮಾತ್ರ ಅವು 50 ವ್ಯಾಟ್ ತಾಳುತ್ತವೆ; ಆದ್ದರಿಂದ ಪೆಟ್ಟಿಗೆ ಅಲ್ಯೂಮಿನಿಯಂನದಾಗಿದ್ದರೆ ಒಳ್ಳೆಯದು. ಜೊತೆಗೆ ಪ್ಲಾಸ್ಟಿಕ್ ನಿರೋಧಕವಿರುವ ತಂತಿ ಬಿಗಿಯುವ ಹನ್ನೆರಡು ಬೈಂಡಿಂಗ್ ಪೋಸ್ಟ್‌ಗಳು, 1.5 ಚದರ ಮಿ.ಮೀ.ನ ಬಹುಎಳೆ ತಾಮ್ರದ ತಂತಿ, ಹಾಗೂ 150 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್‌ಗಳು ಎರಡು.

ಅಂಗಡಿಯಲ್ಲಿ ಸಿಗುವ ಸಿದ್ಧ ಸ್ಪೀಕರ್ ಸೆಲೆಕ್ಟರ್‌ಗಳನ್ನು ತಿರುಗಮುರುಗ ಬಳಸುವವರಿಗೆ ಒಂದು ಎಚ್ಚರಿಕೆ ಇದೆ. ಅವುಗಳಲ್ಲಿ ಹೆಚ್ಚಿನವು ಒಂದು ಆಂಪ್ಲಿಫೈಯರ್‌ನಿಂದ ಹಲವು ಕೋಣೆಗಳ ಸ್ಪೀಕರ್ ನಡೆಸಲೆಂದೇ ಮಾಡಿದವು. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬಹುದಾದ ಪೆಟ್ಟಿಗೆಯಲ್ಲಿ ಎರಡು ಆಂಪ್ಲಿಫೈಯರ್‌ಗಳೂ ಒಟ್ಟಿಗೆ ಸೇರಿಬಿಡುತ್ತವೆ. ಎರಡು ಆಂಪ್ಲಿಫೈಯರ್‌ಗಳಿಗೆಂದೇ ಮಾಡಿದ ಪೆಟ್ಟಿಗೆಯಾದರೂ ಮೈನಸ್ ಬೇರೆಯಾಗುತ್ತದೆಯೇ ಎಂದು ಮೀಟರ್ ಹಿಡಿದು ನೋಡದೆ ನಂಬಬೇಡಿ.

ಜೋಡಣೆ

ಆಂಪ್ಲಿಫೈಯರ್‌ಗಳ ಮುಚ್ಚಳ ತೆಗೆಯುವ ಅಗತ್ಯ ಎಲ್ಲಿಯೂ ಇಲ್ಲ. ವಾಲ್ವ್ ಆಂಪ್ಲಿಫೈಯರ್‌ನ ಒಳಗೆ 250ರಿಂದ 400 ವೋಲ್ಟ್ ಡಿ.ಸಿ. ಇರುವುದು ಸಾಮಾನ್ಯ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ.

ಪೆಟ್ಟಿಗೆಯ ಹಿಂಭಾಗದಲ್ಲಿ ನಾಲ್ಕು ನಾಲ್ಕು ಪೋಸ್ಟ್‌ಗಳ ಮೂರು ಗುಂಪು ಮಾಡಿ, ಒಂದಕ್ಕೆ ‘ವಾಲ್ವ್’, ಇನ್ನೊಂದಕ್ಕೆ ‘ಟ್ರಾನ್ಸಿಸ್ಟರ್’, ನಡುವಿನದಕ್ಕೆ ‘ಸ್ಪೀಕರ್’ ಎಂದು ಮೊದಲೇ ಬರೆದುಕೊಳ್ಳಿ. ಸ್ವಿಚ್‌ನ ಮೊದಲ ನಾಲ್ಕು ಪೋಲ್‌ಗಳ ಸಾಮಾನ್ಯ (ಎರಡು ಬದಿಗೂ ಸಮಾನವಾದ ‘ಕಾಮನ್’) ತುದಿಗಳಿಗೆ ಸ್ಪೀಕರ್‌ನ ನಾಲ್ಕು ಪೋಸ್ಟ್‌ಗಳನ್ನು ಸೇರಿಸಿ. ಪ್ರತಿಯೊಂದರ ಒಂದು ಬದಿಗೆ ವಾಲ್ವ್, ಮತ್ತೊಂದು ಬದಿಗೆ ಟ್ರಾನ್ಸಿಸ್ಟರ್ ತಂತಿ ಬರಲಿ. ಎಡದ ಡಮ್ಮಿ ರೆಸಿಸ್ಟರ್‌ನ ಒಂದು ತುದಿಯನ್ನು ವಾಲ್ವ್ ಗುಂಪಿನ ಎಡ ಮೈನಸ್ ಪೋಸ್ಟ್‌ಗೆ ಕಾಯಂ ಆಗಿ ಬೆಸುಗೆ ಹಾಕಿ. ಇನ್ನೊಂದು ತುದಿ ಐದನೆಯ ಪೋಲ್‌ನ ಸಾಮಾನ್ಯ ತುದಿಗೆ ಹೋಗಲಿ. ಆ ಪೋಲ್‌ನ ಟ್ರಾನ್ಸಿಸ್ಟರ್ ಬದಿಯಿಂದ ವಾಲ್ವ್ ಗುಂಪಿನ ಎಡ ಪ್ಲಸ್ ಪೋಸ್ಟ್‌ಗೆ ಒಂದು ತಂತಿ ಎಳೆಯಿರಿ. ವಾಲ್ವ್ ಬದಿಯನ್ನು ಖಾಲಿ ಬಿಡಿ. ಆರನೆಯ ಪೋಲ್‌ನಲ್ಲಿ ಬಲದ ಡಮ್ಮಿಗೂ ಇದೇ ಕ್ರಮ. ಸ್ವಿಚ್‌ನ ಗುಬ್ಬಿಯನ್ನು, ಅಂದರೆ ತಿರುಗಿಸುವ ಹಿಡಿಯನ್ನು, ಟ್ರಾನ್ಸಿಸ್ಟರ್ ಕಡೆ ತಿರುಗಿಸಿದಾಗ ವಾಲ್ವ್‌ಗೆ ಡಮ್ಮಿ ತಾನಾಗಿ ಸಿಗುತ್ತದೆ.

150 ಓಮ್‌ನ ರೆಸಿಸ್ಟರ್‌ಗಳನ್ನು ಪೆಟ್ಟಿಗೆಯೊಳಗೆ ಹಾಕದೆ, ವಾಲ್ವ್ ಆಂಪ್ಲಿಫೈಯರ್‌ನದೇ ಸ್ಪೀಕರ್ ಟರ್ಮಿನಲ್‌ಗಳಿಗೆ, ಚಾನೆಲ್‌ಗೆ ಒಂದರಂತೆ, ಪ್ಲಸ್ ಮೈನಸ್ ನಡುವೆ ಬಿಗಿಯಿರಿ. ಗುಬ್ಬಿ ತಿರುಗುವ ಕ್ಷಣಾರ್ಧದಲ್ಲೂ, ಗುಡಿಸುವಾಗ ಪೊರಕೆಗೆ ಸಿಕ್ಕಿ ಪೆಟ್ಟಿಗೆಯ ತಂತಿ ಕಿತ್ತುಬಂದಾಗಲೂ ಟ್ರಾನ್ಸ್‌ಫಾರ್ಮರ್‌ಗೆ ಹಿಡಿದುಕೊಳ್ಳಲು ಒಂದು ಕಡ್ಡಿಯಾದರೂ ಇರುತ್ತದೆ. ಇದು ತಿನ್ನುವ ಶಕ್ತಿ ನೂರಕ್ಕೆ ಐದರಷ್ಟು, ಕಿವಿಗೆ ತಿಳಿಯುವಂಥದ್ದಲ್ಲ. ಆದರೆ ಇದೊಂದೇ ಇದೆಯೆಂದು ಡಮ್ಮಿ ಲೋಡ್ ಬಿಡುವುದು ಸರಿಯಲ್ಲ.

ತಂತಿಯ ತುದಿ ಸುಲಿದ ಮೇಲೆ ಎಳೆಗಳನ್ನು ಹುರಿಮಾಡಿ ಸಾಲ್ಡರ್ ಹಿಡಿಸಿ. ಪಕ್ಕದ ಪೋಸ್ಟ್‌ಗೆ ತಾಗುವಂತೆ ಹೊರಚಾಚಿದ ಕೂದಲಿನಷ್ಟು ತೆಳುವಾದ ಒಂದೇ ಒಂದು ಎಳೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಕೆಡಿಸಬಲ್ಲದು.

ಮೀಟರ್ ಪರೀಕ್ಷೆ

ಪೆಟ್ಟಿಗೆಗೆ ಏನನ್ನೂ ಜೋಡಿಸದೆ ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನದಲ್ಲಿಡಿ. ವಾಲ್ವ್ ಸ್ಥಾನದಲ್ಲಿ ವಾಲ್ವ್‌ನ ನಾಲ್ಕು ಪೋಸ್ಟ್‌ಗಳಿಗೂ ಸ್ಪೀಕರ್‌ನ ಅವವೇ ಪೋಸ್ಟ್‌ಗಳಿಗೂ ಬೀಪ್ ಬರಬೇಕು. ಟ್ರಾನ್ಸಿಸ್ಟರ್ ಗುಂಪು ಯಾವುದಕ್ಕೂ ತಾಗದೆ ಮೌನವಾಗಿರಬೇಕು. ಇನ್ನೊಂದು ಸ್ಥಾನದಲ್ಲಿ ಇದರ ಅದಲುಬದಲು. ಜೊತೆಗೆ ಆಗ ಮೀಟರನ್ನು ಓಮ್ ಸ್ಥಾನದಲ್ಲಿಟ್ಟು ನೋಡಿದರೆ ವಾಲ್ವ್ ಪ್ಲಸ್ ಮೈನಸ್ ನಡುವೆ 8 ಓಮ್ ಕಾಣಬೇಕು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಮತ್ತೆ ಬೀಪ್ ಸ್ಥಾನಕ್ಕೆ ಬಂದು, ಒಂದು ಕಡ್ಡಿಯನ್ನು ವಾಲ್ವ್‌ನ ಎಡ ಪ್ಲಸ್‌ಗೂ ಇನ್ನೊಂದನ್ನು ಟ್ರಾನ್ಸಿಸ್ಟರ್‌ನ ಎಡ ಪ್ಲಸ್‌ಗೂ ಕಚ್ಚಿಸಿ, ಗುಬ್ಬಿಯನ್ನು ಆಮೆಯ ವೇಗದಲ್ಲಿ ತಿರುಗಿಸಿ. ನಡುದಾರಿಯಲ್ಲಿ ಒಮ್ಮೆ ಚಿಂವ್ ಎಂದರೂ ಆ ಸ್ವಿಚ್ ಎರಡು ಆಂಪ್ಲಿಫೈಯರ್‌ಗಳನ್ನು ಕ್ಷಣಕಾಲ ಕೂಡಿಸುತ್ತಿದೆ ಎಂದರ್ಥ. ಅದನ್ನು ಅಂಗಡಿಗೆ ಹಿಂದಿರುಗಿಸಿ. ನಾಲ್ಕು ತಂತಿಗಳಿಗೂ ಇದನ್ನು ಮಾಡಿ.

ಬಳಕೆ

ವಾಲ್ವ್ ಆಂಪ್ಲಿಫೈಯರ್‌ನಲ್ಲಿ 4, 8, 16 ಓಮ್ ಎಂದು ಬೇರೆ ಬೇರೆ ಟರ್ಮಿನಲ್‌ಗಳಿದ್ದರೆ ಸ್ಪೀಕರ್‌ನ ಹಿಂದೆ ಬರೆದಿರುವ ಅಂಕಿಗೆ ಹೊಂದುವುದನ್ನು ಆರಿಸಿ, ಡಮ್ಮಿಯನ್ನೂ ಅದೇ ಓಮ್‌ನದನ್ನು ಹಾಕಿ. ಸ್ಪೀಕರ್‌ಗೆ ಮೀಟರ್ ಹಿಡಿದಾಗ 8ರ ಬದಲು 6 ಕಂಡರೆ ಗಾಬರಿ ಬೇಡ. ಮೀಟರ್ ತೋರಿಸುವುದು ಸುರುಳಿಯ ಡಿ.ಸಿ. ರೋಧವನ್ನು ಮಾತ್ರ.

ಮೊದಲ ಸಲ ಹಾಡು ಹಾಕುವಾಗ ಒಳ್ಳೆಯ ಸ್ಪೀಕರ್‌ಗಳ ಬದಲು ಮೂಲೆಯಲ್ಲಿ ಬಿದ್ದಿರುವ ಹಳೆಯ ಜೋಡಿಯನ್ನು ಹಚ್ಚಿ ನೋಡಿ. ಆಮೇಲೆ ದಿನನಿತ್ಯದ ರೂಢಿ ಹೀಗಿರಲಿ: ಹಾಡು ನಿಲ್ಲಿಸಿ, ಎರಡೂ ಆಂಪ್ಲಿಫೈಯರ್‌ಗಳ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಗುಬ್ಬಿ ತಿರುಗಿಸಿ, ಬೇಕಾದ ಆಂಪ್ಲಿಫೈಯರ್‌ನ ವಾಲ್ಯೂಮನ್ನು ಮೆಲ್ಲಗೆ ಏರಿಸಿ. 10 ವ್ಯಾಟ್‌ನ ವಾಲ್ವ್‌ನಲ್ಲಿ ಅರ್ಧದವರೆಗೆ ತಿರುಗಿಸಿ ರೂಢಿಯಾದ ಕೈ, 60 ವ್ಯಾಟ್‌ನ ಟ್ರಾನ್ಸಿಸ್ಟರ್‌ನಲ್ಲೂ ಅಷ್ಟೇ ತಿರುಗಿಸಿದರೆ ಸ್ಪೀಕರ್ ಒಳಗಿನ ಸಣ್ಣ ಟ್ವೀಟರ್‌ಗಳ ಗತಿ ನೆಟ್ಟಗಿರುವುದಿಲ್ಲ. ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಆನ್ ಮಾಡುವಾಗ ಧಡ್ ಎಂಬ ಸದ್ದು ಬರುವುದಿದ್ದರೆ, ಗುಬ್ಬಿಯನ್ನು ವಾಲ್ವ್ ಕಡೆ ಇಟ್ಟು ಆನ್ ಮಾಡಿ ಆಮೇಲೆ ಬದಲಾಯಿಸಿ; ಆ ಪೆಟ್ಟು ಸ್ಪೀಕರ್‌ಗೆ ತಲಪುವುದಿಲ್ಲ.

ಎರಡರ ನಾದವನ್ನು ಹೋಲಿಸುವ ಕುತೂಹಲ ಇರುವವರು ಎರಡೂ ಒಂದೇ ಎತ್ತರದಲ್ಲಿ ನುಡಿಯುವಂತೆ ವಾಲ್ಯೂಮ್ ಹೊಂದಿಸದೆ ತೀರ್ಪು ಕೊಡಬಾರದು. ತುಸು ಜೋರಾಗಿರುವುದೇ ಕಿವಿಗೆ ಹಿತವೆನಿಸುತ್ತದೆ. ಹೊಂದಿಸಿದ ಮೇಲೂ ವ್ಯತ್ಯಾಸ ಕೇಳಿದರೆ ಅದರಲ್ಲಿ ಒಂದು ಪಾಲು ಸ್ಪೀಕರ್‌ನದೇ. 8 ಓಮ್ ಎಂಬುದು ಹೆಸರಿಗೆ ಮಾತ್ರ. ಕೆಲವು ಸ್ವರಗಳಲ್ಲಿ ಅದು 6 ಓಮ್, ಕೆಲವದರಲ್ಲಿ 20 ಓಮ್ ದಾಟುವುದೂ ಉಂಟು, ಮತ್ತು ಆ ಏರಿಳಿತಕ್ಕೆ ಟ್ರಾನ್ಸಿಸ್ಟರ್‌ಗಿಂತ ವಾಲ್ವ್ ಆಂಪ್ಲಿಫೈಯರ್ ಹೆಚ್ಚು ಬಾಗುತ್ತದೆ.

ಗುಬ್ಬಿ ಬಹಳ ದಿನ ಒಂದೇ ಕಡೆ ಇದ್ದರೆ ಸ್ವಿಚ್‌ನ ಬೆಳ್ಳಿಯ ಸಂಪರ್ಕಗಳು ಮಂಕಾಗಿ ಕರಕರ ಸದ್ದು ಬರಬಹುದು. ತಿಂಗಳಿಗೊಮ್ಮೆ ಎರಡೂ ಆಂಪ್ಲಿಫೈಯರ್‌ಗಳನ್ನು ಆಫ್ ಮಾಡಿ, ಹತ್ತು ಸಲ ಅತ್ತಿಂದಿತ್ತ ತಿರುಗಿಸಿದರೆ ಅದು ಹೋಗುತ್ತದೆ.