ಎಣ್ಣೆ ಮೊದಲು, ಸೀಗೆ ಆಮೇಲೆ: ಮೈ–ಕೂದಲಿನ ಆರೈಕೆ ಮನೆಯಲ್ಲೇ ಹೇಗೆ?

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಸ್ನಾನದ ಬಕೆಟ್ಟಿನ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿದರೆ ಬೂದುಬಣ್ಣದ ಜಿಗುಟು ಪದರವೊಂದು ಕಿತ್ತು ಬರುತ್ತದೆ. ಅದು ಬರೀ ಕೊಳೆಯಲ್ಲ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿದಾಗ ನೀರಿನಲ್ಲಿ ಕರಗದ ಕಿಟ್ಟವಾಗುತ್ತದೆ. ಬಕೆಟ್ಟಿಗೆ ಹತ್ತುವ ಆ ಕಿಟ್ಟವೇ ತಲೆಗೆ ಸೋಪು ಹಾಕಿಕೊಂಡವರ ಕೂದಲಿಗೂ ಹತ್ತುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದಂಥ ಬಯಲುಸೀಮೆಯ ಜಿಲ್ಲೆಗಳಲ್ಲಿಯೂ ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿಯೂ ಕೂದಲು ಒರಟಾಯಿತು, ಮೈ ತುರಿಸುತ್ತದೆ ಎಂದು ಎಣ್ಣೆಯ ಮೇಲೆ ಎಣ್ಣೆ ಬದಲಾಯಿಸುವವರು ಮೊದಲು ತಮ್ಮ ಮನೆಯ ನೀರನ್ನು ಪರೀಕ್ಷಿಸಿಕೊಳ್ಳಬೇಕು. ಯಾವ ಎಣ್ಣೆ, ಯಾವ ಸೋಪು ಎಂಬ ಪ್ರಶ್ನೆ ಅದರ ನಂತರದ್ದು.

ಪರೀಕ್ಷೆ ಸುಲಭ. ಒಂದು ಸಣ್ಣ ಬಾಟಲಿಯಲ್ಲಿ ಅರ್ಧದಷ್ಟು ನೀರು ತುಂಬಿ, ಸಾದಾ ಸೋಪಿನ ಎರಡು ಚೂರು ತುರಿದು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಬೇಕು. ಮೇಲೆ ದಟ್ಟವಾದ ನೊರೆ ನಿಂತು ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದರೆ ನೀರು ಮೆದು. ನೊರೆ ಕಡಿಮೆಯಾಗಿ ನೀರೆಲ್ಲ ಹಾಲಿನಂತೆ ಬೆಳ್ಳಗಾದರೆ ಗಡಸು. ಗಡಸು ನೀರಿನ ಮನೆಯಲ್ಲಿ ತಲೆಗೆ ಸೋಪು ಸಲ್ಲದು. ಸೀಗೆಕಾಯಿ ಮತ್ತು ಅಂಟವಾಳಕಾಯಿಗಳಲ್ಲಿ ಕೊಳೆ ತೆಗೆಯುವ ಕೆಲಸ ಮಾಡುವುದು ಸ್ಯಾಪೊನಿನ್ ಎಂಬ ಬೇರೆ ಬಗೆಯ ವಸ್ತುವಾದ್ದರಿಂದ, ಅವು ಸೋಪಿನ ಹಾಗೆ ಗಡಸು ನೀರಿನಲ್ಲಿ ಕಿಟ್ಟ ಕಟ್ಟುವುದಿಲ್ಲ. ಬಯಲುಸೀಮೆಯ ಬಾವಿನೀರಿಗೆ ಸೀಗೆಪುಡಿ ಒಗ್ಗಿಬಂದಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ.

ಎಣ್ಣೆಯ ಆಯ್ಕೆ

ನಮ್ಮಲ್ಲಿ ಬಳಕೆಯಲ್ಲಿರುವ ಮೂರು ಎಣ್ಣೆಗಳೇ ಸಾಕು: ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ. ಕೂದಲಿಗೆ ಕೊಬ್ಬರಿ ಎಣ್ಣೆಯನ್ನು ಮೊದಲ ಸ್ಥಾನದಲ್ಲಿ ಇಡುವುದಕ್ಕೆ ರೂಢಿಯಷ್ಟೇ ಕಾರಣವಲ್ಲ. ಅದರಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲದ ಕಣ ಚಿಕ್ಕದಾಗಿಯೂ ನೇರವಾಗಿಯೂ ಇರುವುದರಿಂದ ಕೂದಲಿನ ಎಳೆಯೊಳಗೆ ಇಳಿಯಬಲ್ಲದು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ತಲೆ ತೊಳೆಯುವ ಮೊದಲೇ ಎಣ್ಣೆ ಹಚ್ಚಬೇಕೆನ್ನುವ ಪದ್ಧತಿಯ ತಿರುಳು ಇಲ್ಲಿದೆ. ನೀರು ಕುಡಿದು ಉಬ್ಬಿದ ಕೂದಲು ಸವೆಯುತ್ತದೆ, ಎಣ್ಣೆ ಇಳಿದ ಕೂದಲು ಅಷ್ಟು ನೀರು ಕುಡಿಯುವುದಿಲ್ಲ.

ಎಳ್ಳೆಣ್ಣೆ ಮೈಗೆ ಒಳ್ಳೆಯದು; ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವಾಗಲೂ ಎಳ್ಳೆಣ್ಣೆ ತೆಳುವಾಗಿಯೇ ಇರುತ್ತದೆ. ಹರಳೆಣ್ಣೆ ಬಹಳ ಮಂದವಾದ್ದರಿಂದ ಅದೊಂದನ್ನೇ ತಲೆಗೆ ಸುರಿದುಕೊಂಡರೆ ತೊಳೆಯುವುದು ಕಷ್ಟ. ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಹರಳೆಣ್ಣೆ ಬೆರೆಸಿಕೊಳ್ಳುವುದು ಅನುಕೂಲ. ಎಣ್ಣೆ ಹಚ್ಚಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಬೆಳೆದದ್ದು ತುಂಡಾಗದಂತೆ ಕಾಯುವುದು ಎಣ್ಣೆಯ ಕೆಲಸ, ಮತ್ತು ಅದು ಸಣ್ಣ ಕೆಲಸವಲ್ಲ.

ಎಲ್ಲರಿಗೂ ಎಣ್ಣೆ ಹೊಂದುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮುಖದಲ್ಲಿ ಮೊಡವೆ ಏಳುವವರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಾರದು, ಅದು ರಂಧ್ರಗಳನ್ನು ಕಟ್ಟುತ್ತದೆ. ತಲೆಹೊಟ್ಟಿಗೆ ಸಂಬಂಧಿಸಿದ ಮಲಸೇಜಿಯಾ ಎಂಬ ಶಿಲೀಂಧ್ರ ಎಣ್ಣೆಯ ಕೊಬ್ಬನ್ನೇ ತಿಂದು ಬೆಳೆಯುವುದರಿಂದ, ಹೊಟ್ಟು ಹೆಚ್ಚಿರುವವರು ರಾತ್ರಿಯಿಡೀ ತಲೆಯಲ್ಲಿ ಎಣ್ಣೆ ಬಿಟ್ಟುಕೊಂಡರೆ ಅದು ಹೆಚ್ಚಾಗುವ ಸಂಭವವೇ ಜಾಸ್ತಿ. ಹೊಸ ಎಣ್ಣೆಯಾಗಲಿ ಪುಡಿಯಾಗಲಿ, ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ಗಮನಿಸಿ, ಕೆಂಪಾಗದಿದ್ದರೆ ಮಾತ್ರ ಬಳಸಬೇಕು.

ಎಣ್ಣೆಸ್ನಾನದ ಕ್ರಮ

ವಾರಕ್ಕೊಮ್ಮೆ ಎಣ್ಣೆ ನೀರು ಹಾಕಿಕೊಂಡರೆ ಸಾಕು. ಹಲವು ಮನೆಗಳಲ್ಲಿ ಹೆಂಗಸರಿಗೆ ಶುಕ್ರವಾರ, ಗಂಡಸರಿಗೆ ಶನಿವಾರ ಎಂಬ ರೂಢಿ ಇಂದಿಗೂ ಇದೆ. ಎಣ್ಣೆಯನ್ನು ನೇರವಾಗಿ ಒಲೆಯ ಮೇಲಿಡದೆ, ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಬೇಕು. ತಲೆಗೆ ಎರಡರಿಂದ ಮೂರು ಚಮಚ, ಮೈಗೆಲ್ಲ ಒಂದು ಸಣ್ಣ ಬಟ್ಟಲಿನಷ್ಟು ಸಾಲುತ್ತದೆ. ಕೂದಲನ್ನು ಭಾಗ ಮಾಡಿಕೊಂಡು, ನೆತ್ತಿಗಿಂತ ಹೆಚ್ಚಾಗಿ ಕೂದಲಿನ ತುದಿಯ ಅರ್ಧಕ್ಕೆ ಎಣ್ಣೆ ಹಿಡಿಯುವಂತೆ ಸವರಬೇಕು, ಏಕೆಂದರೆ ತುದಿಯೇ ಹಳೆಯದು, ಅತಿ ಹೆಚ್ಚು ಸವೆದದ್ದು. ನೆತ್ತಿಯನ್ನು ಬೆರಳ ತುದಿಗಳಿಂದ ಒತ್ತಿ ತಿಕ್ಕಬೇಕೇ ಹೊರತು ಉಗುರು ತಾಗಿಸಬಾರದು. ಮೈಗೆ ಹಚ್ಚುವಾಗ ಮೊಣಕಾಲು, ಮೊಣಕೈ, ಹಿಮ್ಮಡಿಗಳಿಗೆ ಎರಡನೆಯ ಬಾರಿ ಹಚ್ಚುವುದು ಒಳ್ಳೆಯದು. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಸುಡುವಷ್ಟಲ್ಲದ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು.

ಬಚ್ಚಲಿನ ನೆಲ ಜಾರುತ್ತದೆ ಎಂಬುದನ್ನು ಮರೆಯಬಾರದು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರು ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡಲಿ. ಸೀಗೆ ಸೋಸಿದ ಮೇಲೆ ಉಳಿಯುವ ಚರಟದಿಂದ ಕೊನೆಗೆ ನೆಲವನ್ನು ಉಜ್ಜಿದರೆ ಎಣ್ಣೆಯ ಜಿಡ್ಡು ಹೋಗುತ್ತದೆ.

ಸೀಗೆಯನ್ನು ಸೋಸಿಯೇ ಬಳಸಿ

ವರ್ಷಕ್ಕಾಗುವಷ್ಟು ಪುಡಿ ಮಾಡಿಸಿಕೊಳ್ಳುವವರು ಒಂದು ಕಿಲೋ ಒಣ ಸೀಗೆಕಾಯಿಯನ್ನು ಎರಡು ಮೂರು ದಿನ ಬಿಸಿಲಿಗೆ ಹಾಕಿ, ಕಾಯಿ ಮುರಿದರೆ ಸದ್ದಾಗುವಷ್ಟು ಗರಿಗರಿಯಾದ ಮೇಲೆ ಬೀಜ ತೆಗೆಯಬೇಕು. ಅದಕ್ಕೆ 100 ಗ್ರಾಂ ಮೆಂತ್ಯ, 200 ಗ್ರಾಂ ಹೆಸರುಕಾಳು, ನೆರಳಿನಲ್ಲಿ ಒಣಗಿಸಿದ ಎರಡು ಹಿಡಿ ದಾಸವಾಳದ ಎಲೆ ಸೇರಿಸಿ ಗಿರಣಿಯಲ್ಲಿ ಬೀಸಿಸಬಹುದು. ಸೀಗೆಯ ಧೂಳು ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಹಿಟ್ಟಿಗೆ ಬೆರೆತರೆ ರುಚಿ ಕೆಡುತ್ತದೆ. ಆದ್ದರಿಂದ ಸೀಗೆಗೆಂದೇ ಬೇರೆ ಯಂತ್ರವಿರುವ ಗಿರಣಿಗೆ ಒಯ್ಯಬೇಕು. ಹಳೇ ಮೈಸೂರು ಭಾಗದಲ್ಲಿ ಇದರೊಂದಿಗೆ ಚಿಗರೆಪುಡಿಯನ್ನೂ (ಚಿಗರೆ ಮರದ ಒಣ ಎಲೆಯ ಪುಡಿ) ಬೆರೆಸುತ್ತಾರೆ, ಅದರ ಲೋಳೆಯಿಂದ ಕೂದಲು ಸಿಕ್ಕು ಬಿಡುತ್ತದೆ.

ಭುಜ ದಾಟಿದ ಕೂದಲಿಗೆ ಮೂರು ದೊಡ್ಡ ಚಮಚ ಪುಡಿ ಬೇಕಾಗುತ್ತದೆ. ಅದನ್ನು ಬಿಸಿನೀರಿನಲ್ಲಿ ಅಥವಾ ಅನ್ನದ ಗಂಜಿಯ ತಿಳಿಯಲ್ಲಿ ಕಲಸಿ ಹದಿನೈದು ನಿಮಿಷ ನೆನೆಯಲು ಬಿಡಬೇಕು. ಮುಂದಿನ ಹೆಜ್ಜೆಯನ್ನು ಬಹುತೇಕ ಮಂದಿ ಬಿಡುತ್ತಾರೆ, ಬಿಟ್ಟು ಸೀಗೆಯನ್ನೇ ದೂರುತ್ತಾರೆ: ನೆನೆದದ್ದನ್ನು ತೆಳುವಾದ ಹಳೆಯ ಪಂಚೆಯ ಬಟ್ಟೆಯಲ್ಲಿ ಹಿಂಡಿ ಸೋಸಬೇಕು. ಬಟ್ಟೆಯಿಂದ ಇಳಿಯುವುದು ಕಂದುಬಣ್ಣದ, ಎರಡು ಬೆರಳ ನಡುವೆ ಜಾರುವ ತೆಳು ರಸ. ಅದರಲ್ಲಿ ಶಾಂಪೂವಿನಷ್ಟು ನೊರೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸೋಸದ ಪುಡಿ ಕೂದಲಿನ ಬುಡದಲ್ಲಿ ಮರಳಿನಂತೆ ಕುಳಿತು, ಒಣಗಿದ ಮೇಲೆ ಬಾಚಣಿಗೆಯಲ್ಲಿ ಉದುರುತ್ತದೆ, ತಿಕ್ಕುವಾಗ ಎಳೆಗಳನ್ನೂ ಗೀರುತ್ತದೆ.

ಪುಡಿ ಸಿಗದವರು ರಾತ್ರಿ ಆರೇಳು ಸೀಗೆಕಾಯಿಯನ್ನೂ ಬೀಜ ತೆಗೆದ ಐದಾರು ಅಂಟವಾಳಕಾಯಿಯ ಸಿಪ್ಪೆಯನ್ನೂ ಅರ್ಧ ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿಕೊಳ್ಳಬಹುದು. ಅಂಟವಾಳ ಸೀಗೆಗಿಂತ ಖಾರ. ಒಣ ಕೂದಲಿನವರು ಅದನ್ನು ಕಡಿಮೆ ಮಾಡಿಕೊಳ್ಳಲಿ. ಈ ರಸದಲ್ಲಿ ಕೆಡದಂತೆ ತಡೆಯುವ ಯಾವ ವಸ್ತುವೂ ಇಲ್ಲದ ಕಾರಣ ಅಂದಂದಿನದನ್ನು ಅಂದೇ ಬಳಸುವುದು ಸರಿ, ಫ್ರಿಜ್‌ನಲ್ಲಿಟ್ಟರೂ ಎರಡು ದಿನಕ್ಕೆ ಮೇಲೆ ಬೇಡ.

ಹಾಕಿಕೊಳ್ಳುವಾಗ ತಲೆಯನ್ನು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿಕೊಳ್ಳಬೇಕು. ಸೀಗೆ, ಅಂಟವಾಳ ಎರಡೂ ಕಣ್ಣಿಗೆ ಬಿದ್ದರೆ ಉರಿಯಷ್ಟೇ ಅಲ್ಲ, ಕಣ್ಣಿನ ಮೇಲ್ಪದರಕ್ಕೇ ಪೆಟ್ಟಾಗಬಹುದು. ಬಿದ್ದ ಕೂಡಲೇ ತಣ್ಣೀರಿನಲ್ಲಿ ಬಹಳ ಹೊತ್ತು ತೊಳೆದು, ಉರಿ ನಿಲ್ಲದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ರಸವನ್ನು ನೆತ್ತಿಗೆ ಎರಡು ಸಲ ಹಾಕಿ ತಿಕ್ಕಿ ತೊಳೆಯಿರಿ. ತುದಿಗಳಿಗೆ ಹರಿದುಬರುವಷ್ಟೇ ಸಾಕು. ಎಣ್ಣೆ ಪೂರ್ತಿ ಹೋಗದೆ ಸ್ವಲ್ಪ ಉಳಿಯುತ್ತದೆ. ಅದು ಉಳಿಯಬೇಕು.

ಮೈಗೆ ಹತ್ತಿದ ಎಣ್ಣೆಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು ಸಾಕು. ಒಣ ಹಿಟ್ಟನ್ನೇ ಎಣ್ಣೆಮೈಗೆ ಸವರಿ, ಜಿಡ್ಡು ಹೀರಿದ ಮೇಲೆ ನೀರು ಮುಟ್ಟಿಸಿ ತೊಳೆಯಬೇಕು. ನಿಂಬೆರಸವನ್ನು ಮಾತ್ರ ಮುಖಕ್ಕೆ, ಕೈಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ನಿಂಬೆಯಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟಂತೆ ಮಾಡಿ ಬೊಬ್ಬೆ ಏಳಿಸುತ್ತವೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಸೋಪು ಎಲ್ಲಿಗೆ, ಎಂಥದು

ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಅದರ ಪಿಎಚ್ (ಹುಳಿ–ಕ್ಷಾರದ ಅಳತೆ) ಸುಮಾರು 5. ಸೋಪಿನದು 9ರಿಂದ 10, ಅಂದರೆ ಕ್ಷಾರ. ದಿನವೂ ಇಡೀ ಮೈಗೆ ಸೋಪು ತಿಕ್ಕಿದರೆ ಚರ್ಮ ಒಣಗುವುದಕ್ಕೆ ಇದೂ ಒಂದು ಕಾರಣ. ಕಂಕುಳು, ತೊಡೆಸಂದು, ಪಾದಗಳಿಗೆ ದಿನವೂ ಸೋಪು ಬೇಕು. ಬೆವರದ ದಿನ ಉಳಿದ ಮೈಗೆ ಬರೀ ನೀರು ಸಾಕು.

ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ಟಿಎಫ್‌ಎಂ ಎಂಬ ಅಂಕಿಯನ್ನು ನೋಡಬೇಕು. ಸೋಪಿನಲ್ಲಿ ಎಣ್ಣೆಯಿಂದ ಬಂದ ಕೊಬ್ಬಿನಂಶ ಶೇಕಡಾ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಭಾರತೀಯ ಮಾನಕದ ಪ್ರಕಾರ ಒಂದನೆಯ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಕನಿಷ್ಠ 76, ಎರಡನೆಯದರಲ್ಲಿ 70, ಮೂರನೆಯದರಲ್ಲಿ 60 ಇರಬೇಕು. 'ಬಾತಿಂಗ್ ಬಾರ್' ಎಂದು ಬರೆದದ್ದರಲ್ಲಿ ಇನ್ನೂ ಕಡಿಮೆ ಇರಬಹುದು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತಿಗೆ ಅಡ್ಡಿಯಾದ ಕಾಲದಲ್ಲಿ ಹುಟ್ಟಿದ ಮೈಸೂರು ಸಂಸ್ಥಾನದ ಸೋಪು ಉದ್ಯಮ ಇಂದಿಗೂ ಒಂದನೆಯ ದರ್ಜೆಯ ಸೋಪನ್ನೇ ಮಾಡುತ್ತಿರುವುದು ನಮಗೆ ಹೆಮ್ಮೆಯ ಸಂಗತಿ.

ಮನೆಯಲ್ಲೇ ಕೊಬ್ಬರಿ ಎಣ್ಣೆಯ ಸೋಪು

ಸೋಪು ಮಾಡುವುದು ಅಡುಗೆಯ ಹಾಗೆ ಕಣ್ಣಳತೆಯ ಕೆಲಸವಲ್ಲ. ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾ ಮೈಯನ್ನು ಸುಡುತ್ತದೆ, ಕಣ್ಣನ್ನು ಕಳೆಯಬಲ್ಲದು. ಗ್ರಾಂ ಲೆಕ್ಕದ ಡಿಜಿಟಲ್ ತಕ್ಕಡಿ, ರಬ್ಬರ್ ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ ಇಲ್ಲದೆ ಆರಂಭಿಸಲೇಬಾರದು. ಮಕ್ಕಳು, ಸಾಕುಪ್ರಾಣಿಗಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು. ಪಾತ್ರೆ ಸ್ಟೀಲಿನದಾಗಿರಲಿ, ಅಲ್ಯೂಮಿನಿಯಂ ಪಾತ್ರೆ ಕಾಸ್ಟಿಕ್ ಸೋಡಾದೊಂದಿಗೆ ವರ್ತಿಸಿ ಉರಿಯುವ ಅನಿಲವನ್ನು ಹೊರಹಾಕುತ್ತದೆ. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಅಳತೆ ಹೀಗೆ: ಕೊಬ್ಬರಿ ಎಣ್ಣೆ 500 ಗ್ರಾಂ, ಶುದ್ಧ ಕಾಸ್ಟಿಕ್ ಸೋಡಾ 73 ಗ್ರಾಂ, ಡಿಸ್ಟಿಲ್ಡ್ ವಾಟರ್ 170 ಗ್ರಾಂ. ಎಣ್ಣೆಯನ್ನು ಲೀಟರಿನಲ್ಲಲ್ಲ, ತೂಕದಲ್ಲಿಯೇ ತೆಗೆದುಕೊಳ್ಳಬೇಕು. 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಸೋಡಾ ಬೇಕು. ಆದರೆ ಬರೀ ಕೊಬ್ಬರಿ ಎಣ್ಣೆಯ ಸೋಪು ಜಿಡ್ಡನ್ನು ಬಲವಾಗಿ ತೆಗೆದು ಚರ್ಮವನ್ನು ಒಣಗಿಸುವುದರಿಂದ, ಐದರಲ್ಲೊಂದು ಪಾಲು ಎಣ್ಣೆ ಸೋಪಾಗದೆ ಹಾಗೇ ಉಳಿಯಲೆಂದು ಸೋಡಾವನ್ನು ಇಳಿಸಿದ್ದೇವೆ. ಚರಂಡಿ ಬಿಡಿಸಲು ಮಾರುವ ಪುಡಿಗಳಲ್ಲಿ ಬೇರೆ ವಸ್ತುಗಳು ಬೆರೆತಿರುವುದರಿಂದ ಅವು ಬೇಡ.

ಮೊದಲು ನೀರನ್ನು ಅಳೆದು ಪಾತ್ರೆಗೆ ಹಾಕಿ, ಗಾಳಿಯಾಡುವ ಜಾಗದಲ್ಲಿ ನಿಂತು, ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕಲಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಈ ಕ್ರಮ ಎಂದಿಗೂ ತಿರುಗುಮುರುಗಾಗಬಾರದು. ದ್ರಾವಣ ತಾನೇ ಕಾಯುತ್ತದೆ, ಅದರ ಆವಿಗೆ ಮುಖ ಒಡ್ಡಬಾರದು. ಅದು ಸುಮಾರು 40 ಡಿಗ್ರಿಗೆ ಇಳಿದ ಮೇಲೆ, ಅಷ್ಟೇ ಬೆಚ್ಚಗಿನ ಎಣ್ಣೆಗೆ ನಿಧಾನವಾಗಿ ಸುರಿದು ಹ್ಯಾಂಡ್ ಬ್ಲೆಂಡರ್‌ನಿಂದ ಬಿಟ್ಟುಬಿಟ್ಟು ಕಲಕಬೇಕು. ಮಿಶ್ರಣ ದೋಸೆಹಿಟ್ಟಿನ ಹದಕ್ಕೆ ಬಂದು, ಮೇಲಿಂದ ಬಿಟ್ಟ ಗೆರೆ ಕ್ಷಣಕಾಲ ಮುಳುಗದೆ ನಿಂತರೆ ಅಚ್ಚಿಗೆ ಸುರಿಯಬಹುದು. ಅಚ್ಚಿಗೆ ಒಳಗೆ ಬಟರ್ ಪೇಪರ್ ಹಾಸಿದ ರಟ್ಟಿನ ಡಬ್ಬವೂ ಆದೀತು.

ಕೊಬ್ಬರಿ ಎಣ್ಣೆಯ ಸೋಪು ಬಹಳ ಬೇಗ ಗಟ್ಟಿಯಾಗುತ್ತದೆ. ಮರುದಿನದವರೆಗೆ ಬಿಟ್ಟರೆ ಚಾಕು ಇಟ್ಟಲ್ಲಿ ಹೋಳುಹೋಳಾಗಿ ಒಡೆಯುವುದರಿಂದ, ಬೆಳಿಗ್ಗೆ ಸುರಿದದ್ದನ್ನು ಸಂಜೆಯೊಳಗೆ, ಒತ್ತಿದರೆ ಗಟ್ಟಿಯೆನಿಸಿದರೂ ಇನ್ನೂ ಬೆಚ್ಚಗಿರುವಾಗಲೇ ಕೈಗವಸು ಹಾಕಿ ಕೊಯ್ದುಬಿಡಬೇಕು. ತುಂಡುಗಳನ್ನು ಒಂದಕ್ಕೊಂದು ತಾಗದಂತೆ ನೆರಳಿನಲ್ಲಿ, ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಇಡಬೇಕು. ನೀರಿನಂಶ ಆರಿದಷ್ಟೂ ಸೋಪು ಗಟ್ಟಿಯಾಗಿ ಹೆಚ್ಚು ದಿನ ಬಾಳುತ್ತದೆ. ಕೊಯ್ದಾಗ ಒಳಗೆ ನೀರಿನ ಗುಳ್ಳೆಯಾಗಲಿ ಹರಳಿನಂಥ ಬಿಳಿ ಗಂಟಾಗಲಿ ಕಂಡರೆ ಆ ಅಚ್ಚಿನ ಸೋಪನ್ನು ಮೈಗೆ ಬಳಸಬೇಡಿ, ಸೋಡಾ ಸರಿಯಾಗಿ ಬೆರೆತಿಲ್ಲವೆಂದೇ ಅದರ ಅರ್ಥ. ಕೆಲಸದ ನಡುವೆ ದ್ರಾವಣ ಕೈಗೆ ಸಿಡಿದರೆ ವಿನೆಗರ್ ಹುಡುಕುತ್ತ ಕೂರದೆ, ಹರಿಯುವ ನೀರಿನಡಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು.

ಹೀಗೆ ಮಾಡಿದ ಸೋಪನ್ನು ನೀರು ನಿಲ್ಲದ, ತೂತಿರುವ ಪೆಟ್ಟಿಗೆಯಲ್ಲಿಟ್ಟು ಒಂದು ವರ್ಷದೊಳಗೆ ಬಳಸಿ ಮುಗಿಸಬೇಕು. ಸೋಪಾಗದೆ ಉಳಿದ ಎಣ್ಣೆ ಹಳತಾದರೆ ಕಮಟುತ್ತದೆ. ಇದೂ ಸೋಪೇ ಆದ್ದರಿಂದ ಗಡಸು ನೀರಿನ ಮನೆಯವರು ಇದನ್ನು ಮೈಗಷ್ಟೇ ಇಟ್ಟುಕೊಳ್ಳಬೇಕು. ಅನಿವಾರ್ಯವಾಗಿ ತಲೆಗೂ ಬಳಸಿದ ದಿನ ಒಂದು ಲೀಟರ್ ನೀರಿಗೆ ಒಂದು ನಿಂಬೆಹಣ್ಣು ಹಿಂಡಿ ಕೂದಲಿಗೆ ಮಾತ್ರ ಸುರಿದುಕೊಂಡು, ಕೂಡಲೇ ಬರೀ ನೀರಿನಲ್ಲಿ ತೊಳೆದರೆ ಕಿಟ್ಟ ಬಹುಮಟ್ಟಿಗೆ ಬಿಡುತ್ತದೆ.