ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರು ಮಾಡಬೇಕಾದ ಕೆಲಸ

ರೋಗಿಯ ಹಾಸಿಗೆಯ ಪಕ್ಕ ಕುಳಿತವರಿಗೆ ತಮ್ಮಿಂದೇನೂ ಆಗಬೇಕಿಲ್ಲ ಎನ್ನಿಸುವುದು ಸಹಜ. ಆದರೆ ಪಾಳಿ ಬದಲಾದಂತೆ ದಾದಿಯರೂ ವೈದ್ಯರೂ ಬದಲಾಗುತ್ತಾರೆ. ಬೆಳಗ್ಗೆ ಇದ್ದ ರೋಗಿ ರಾತ್ರಿ ಹೇಗಿದ್ದಾರೆಂದು ಹೋಲಿಸಿ ನೋಡಬಲ್ಲವರು ಹೆಚ್ಚಾಗಿ ಮನೆಯವರೇ. ಚಿಕಿತ್ಸೆ ಪಡೆಯುವ ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಆ ಚಿಕಿತ್ಸೆಯ ನಡುವೆಯೇ ಏನಾದರೂ ಹಾನಿಯಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಡೆಯಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮೊದಲ ಕೆಲಸ: ಔಷಧಿಗಳ ಪಟ್ಟಿ

ಉಳಿದ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ರೋಗಿ ಈಗಾಗಲೇ ಸೇವಿಸುತ್ತಿರುವ ಪ್ರತಿ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ಕಾಯಿಲೆಗೆ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಬರೆಯಲು ಪುರುಸೊತ್ತಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಕಣ್ಣಿನ ಹನಿ, ಗಿಡಮೂಲಿಕೆ, ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ ಇವೆಲ್ಲ ಔಷಧಿಯೇ ಅಲ್ಲ ಎಂದುಕೊಂಡು ಜನ ಬಿಟ್ಟುಬಿಡುತ್ತಾರೆ, ಬಿಡಬಾರದು. ಇನ್ಸುಲಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳ ಕೆಳಗೆ ಗೆರೆ ಎಳೆಯಿರಿ.

ಅಲರ್ಜಿಯಿದ್ದರೆ 'ಇದೆ' ಎಂದಷ್ಟೇ ಬರೆದರೆ ಸಾಲದು. ಮೈಮೇಲೆ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ, ಬರೀ ಹೊಟ್ಟೆ ಕೆಟ್ಟಿತ್ತೇ ಎಂಬುದರ ಮೇಲೆ ವೈದ್ಯರ ತೀರ್ಮಾನ ಬದಲಾಗುತ್ತದೆ. ದಾಖಲಾಗುವಾಗ, ವಾರ್ಡ್ ಬದಲಾಗುವಾಗ, ಮನೆಗೆ ಹೊರಡುವಾಗ, ಈ ಮೂರೂ ಸಲ ಪಟ್ಟಿಯನ್ನು ಮುಂದಿಡಿ. ಔಷಧಿಯ ತಪ್ಪುಗಳು ಹೆಚ್ಚಾಗಿ ನುಸುಳುವುದು ಇಂಥ ಕೈಬದಲಾವಣೆಯ ಹೊತ್ತಿನಲ್ಲೇ. ಮನೆಯ ಮಾತ್ರೆಯನ್ನು ವಾರ್ಡಿನಲ್ಲಿ ಯಾರಿಗೂ ಹೇಳದೆ ಕೊಡುವ ಅಭ್ಯಾಸವಂತೂ ಅಪಾಯಕಾರಿ: ದಾದಿ ಅದನ್ನೇ ಆಗಲೇ ಕೊಟ್ಟಿರಬಹುದು.

ಎರಡನೆಯದು: ಹೆಸರು ಕೇಳಿದರೆ ಬೇಸರಿಸಬೇಡಿ

ರಕ್ತ ತೆಗೆಯುವಾಗ, ಚುಚ್ಚುಮದ್ದು ಕೊಡುವಾಗ, ರಕ್ತ ಏರಿಸುವಾಗ ಪ್ರತಿ ಸಲವೂ ಹೆಸರಿನ ಜೊತೆ ಜನ್ಮದಿನಾಂಕವನ್ನೋ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೋ ತಾಳೆ ನೋಡಬೇಕು. ಹಾಸಿಗೆಯ ಸಂಖ್ಯೆ ಗುರುತಲ್ಲ. 'ನೀವು ಇಂಥವರಲ್ಲವೇ?' ಎಂದರೆ ಮಂಪರಿನಲ್ಲಿರುವ ರೋಗಿ ಯಾವ ಹೆಸರಿಗೂ ತಲೆಯಾಡಿಸುತ್ತಾರೆ. 'ನಿಮ್ಮ ಹೆಸರೇನು?' ಎಂದು ಕೇಳುವುದೇ ಸರಿಯಾದ ಕ್ರಮ.

ಮೂರನೆಯದು: ಕೈ

ಕೈತೊಳೆಯುವುದರಿಂದ ಬಾಣಂತಿಯರ ಸಾವು ಇಳಿಯುತ್ತದೆ ಎಂದು ವೈದ್ಯ ಇಗ್ನಾಸ್ ಸೆಮ್ಮೆಲ್‌ವೈಸ್ ವಿಯೆನ್ನಾದಲ್ಲಿ 1847ರಲ್ಲೇ ತೋರಿಸಿದರು. ಆದರೂ ವೈದ್ಯರಿಗೆ 'ಕೈ ಶುಚಿ ಮಾಡಿಕೊಂಡಿರಾ?' ಎನ್ನಲು ನಮಗೆ ಸಂಕೋಚ. ಮೃದುವಾಗಿ ಕೇಳಿ, ಆದರೆ ಕೇಳಿ. ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು ಉಜ್ಜಬೇಕು. ಕೈಗವಸು ಇದಕ್ಕೆ ಬದಲಿಯಲ್ಲ. ನೋಡಲು ಬರುವ ನೆಂಟರಿಗೂ ಇದೇ ನಿಯಮ.

ಶಸ್ತ್ರಚಿಕಿತ್ಸೆಯಿದ್ದರೆ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯ ಪ್ರಕಾರ ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರತರುವ ಮೊದಲು ತಂಡವು ನಿಂತು ಎಲ್ಲವನ್ನೂ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಈ ಪಟ್ಟಿ ಬಳಸುತ್ತೀರಾ ಎಂದು ವಿಚಾರಿಸಿ. ಎಡ–ಬಲ ಇರುವ ಅಂಗವಾದರೆ, ರೋಗಿ ಎಚ್ಚರವಿರುವಾಗಲೇ ಆ ಜಾಗಕ್ಕೆ ಗುರುತು ಹಾಕಲು ಹೇಳಿ.

ವಾರ್ಡಿನಲ್ಲಿ

ರಾತ್ರಿ ಶೌಚಾಲಯಕ್ಕೆ ಒಬ್ಬರನ್ನೇ ಕಳುಹಿಸಬೇಡಿ. ಬೀಳುವ ಅಪಾಯ ಆಗ ಹೆಚ್ಚು. ಸ್ಥಿತಿ ಬದಲಾದರೆ 'ಯಾಕೋ ಸರಿಯಿಲ್ಲ' ಎನ್ನುವ ಬದಲು 'ಮಧ್ಯಾಹ್ನ ಸ್ಪಷ್ಟವಾಗಿ ಮಾತಾಡುತ್ತಿದ್ದರು, ಈಗ ತೊದಲುತ್ತಿದ್ದಾರೆ' ಎಂದು ಹೊತ್ತಿನ ಸಮೇತ ಹೇಳಿ. ಯಾರೂ ಕಿವಿಗೊಡದಿದ್ದರೆ ಅವರ ಮೇಲಿನವರನ್ನು ಕರೆಯಿರಿ. ಜಗಳಗಂಟರೆನ್ನಿಸಿಕೊಂಡರೂ ಚಿಂತೆಯಿಲ್ಲ.

ಮನೆಗೆ ಹೊರಡುವಾಗ

ಹಳೆಯ ಪಟ್ಟಿಯನ್ನೂ ಹೊಸ ಚೀಟಿಯನ್ನೂ ಅಕ್ಕಪಕ್ಕ ಇಟ್ಟು, ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂದು ಕೇಳಿ. ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿದ್ದು, ಎರಡನ್ನೂ ನುಂಗುವವರಿದ್ದಾರೆ. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ವೈದ್ಯರಿಗೆ ತಿರುಗಿ ಹೇಳಿದರೆ ತಪ್ಪು ತಿಳಿವಳಿಕೆ ಅಲ್ಲೇ ಬಯಲಾಗುತ್ತದೆ. ಯಾವ ಲಕ್ಷಣ ಕಂಡರೆ ತಕ್ಷಣ ಮರಳಬೇಕು, ಇನ್ನೂ ಬಾರದ ಪರೀಕ್ಷಾ ವರದಿಯನ್ನು ಯಾರು, ಯಾವಾಗ ತಿಳಿಸುತ್ತಾರೆ ಎಂಬುದನ್ನು ಬರೆಸಿಕೊಂಡ ಮೇಲಷ್ಟೇ ಹೊರಡಿ.